ಹೊಸ ಪ್ರಭೇದ ಹುಟ್ಟಿದ್ದು ರೈತರ ಹೊಲದಲ್ಲಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು.

ಹೋದ ವಾರ ನಿಮ್ಮ ವಾಚಕರ ಪತ್ರಗಳ ವಿಭಾಗದಲ್ಲಿ ಓದುಗರೊಬ್ಬರು ಜೀವವಿಕಾಸದ ಪಾಠ ಶಾಲೆಗೆ ಬೇಡ ಎಂದು ಬರೆದಿದ್ದರು. ಅವರ ವಾದ ಇಷ್ಟು: ಇದ್ದ ಜೀವಿಯಿಂದ ಹೊಸ ಪ್ರಭೇದವೊಂದು ಹುಟ್ಟಿದ್ದನ್ನು ಇದುವರೆಗೆ ಕಂಡವರಿಲ್ಲ, ಯಾರೂ ಕಾಣದ್ದನ್ನು ಮಕ್ಕಳಿಗೆ ಸತ್ಯವೆಂದು ಏಕೆ ಕಲಿಸಬೇಕು? ಪತ್ರದಲ್ಲಿ ಕುಹಕವಿರಲಿಲ್ಲ, ಯಾರನ್ನೂ ಹಳಿದಿರಲಿಲ್ಲ. ಮನಸ್ಸಿನಲ್ಲಿದ್ದ ಪ್ರಶ್ನೆಯನ್ನು ನೇರವಾಗಿ ಕೇಳಿದ್ದರು. ಅದಕ್ಕೆ ಉತ್ತರವೂ ನೇರವಾಗಿ ಸಿಗಬೇಕು ಎಂದು ಈ ಪತ್ರ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಆದರೂ ಕತ್ತರಿಸದೆ ಪ್ರಕಟಿಸಬೇಕೆಂದು ವಿನಂತಿ.

ನಾನು ವಿಜ್ಞಾನಿಯಲ್ಲ. ಧಾರವಾಡ ಜಿಲ್ಲೆಯ ಎರೆಸೀಮೆಯ ರೈತ ಮನೆತನದವನು. ಗೋಧಿ ತಳಿಗಳ ಪ್ರಯೋಗ ನಡೆಯುವ ತಾಕುಗಳಲ್ಲಿ ಕ್ಷೇತ್ರ ಸಹಾಯಕನಾಗಿ ದುಡಿದು ನಿವೃತ್ತನಾಗಿದ್ದೇನೆ. ಈಗ ಹಿಂಗಾರಿಗೆ ಕಡಲೆ, ಕುಸುಬಿ, ಬಿಳಿಜೋಳದ ಜೊತೆಗೆ ಒಂದಿಷ್ಟು ಜವೆಗೋಧಿ ಬಿತ್ತುತ್ತೇನೆ. ವಿಕಾಸದ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಗೋಧಿ ತೆನೆಯನ್ನು ಕೈಯಲ್ಲಿ ಹಿಡಿದು, ತಾಕಿಗೆ ಬರುತ್ತಿದ್ದ ವಿಜ್ಞಾನಿಗಳನ್ನು ಕೇಳಿ ಕೇಳಿ ತಿಳಿದದ್ದು. ಓದಿದ್ದು ಆಮೇಲೆ.

ಪ್ರಭೇದ ಎಂದರೇನು ಎನ್ನುವುದು ಮೊದಲು ತಿಳಿಯಾಗಬೇಕು. ನಮ್ಮಲ್ಲಿ ಎರಡು ಊರುಗಳ ನಡುವೆ ಹೆಣ್ಣು ಕೊಟ್ಟು ತರುವ ಬಳಕೆ ಇರುವಷ್ಟು ಕಾಲ ಅವೆರಡೂ ಒಂದೇ ಬಳಗ. ಆ ಬಳಕೆ ಪೂರ್ತಿ ನಿಂತು ತಲೆಮಾರುಗಳು ಉರುಳಿದರೆ ಆ ಕಡೆಯವರ ಚಹರೆ, ನಡೆನುಡಿ ಒಂದು ದಾರಿ ಹಿಡಿಯುತ್ತದೆ, ಈ ಕಡೆಯವರದು ಇನ್ನೊಂದು. ಗಿಡಮರ, ಪ್ರಾಣಿಪಕ್ಷಿಗಳಲ್ಲಿ ಹೊಸ ಪ್ರಭೇದ ಹುಟ್ಟುವುದೆಂದರೆ ಮುಖ್ಯವಾಗಿ ಈ ಕೊಡುಕೊಳ್ಳುವಿಕೆ ನಿಲ್ಲುವುದು. ಕೂಡಿದರೂ ಸಂತಾನವಾಗುವುದಿಲ್ಲ, ಸಂತಾನವಾದರೂ ಅದು ಮುಂದುವರಿಯುವುದಿಲ್ಲ ಎನ್ನುವ ಸ್ಥಿತಿ ಬಂದರೆ ಅವು ಎರಡು ಪ್ರಭೇದಗಳು. ಆಕಳಿನ ಹೊಟ್ಟೆಯಲ್ಲಿ ಆನೆಮರಿ ಹುಟ್ಟುತ್ತದೆ ಎಂದು ವಿಕಾಸ ಎಲ್ಲಿಯೂ ಹೇಳಿಲ್ಲ. ಹಾಗೇನಾದರೂ ಹುಟ್ಟಿದರೆ ವಿಕಾಸದ ಸಿದ್ಧಾಂತವೇ ಸುಳ್ಳಾಗುತ್ತದೆ.

ಇನ್ನು ಗೋಧಿಗೆ ಬರುತ್ತೇನೆ. ಮೂರು ಬಗೆಯ ಗೋಧಿಯನ್ನೂ ಬೆಳೆಯುವ ಸೀಮೆಗಳು ದೇಶದಲ್ಲಿ ಹೆಚ್ಚಿಲ್ಲ. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಕಡೆ ಮೂರೂ ಇವೆ. ಜವೆಗೋಧಿಯನ್ನು ಕೆಲವರು ಸದಕ ಎನ್ನುತ್ತಾರೆ, ಮಹಾರಾಷ್ಟ್ರದವರಿಗೆ ಅದು ಖಪ್ಲಿ. ಅದರ ಕಾಳಿಗೆ ಹೊಟ್ಟು ಬಿಗಿಯಾಗಿ ಅಂಟಿಕೊಂಡಿರುತ್ತದೆ. ಕಣದಲ್ಲಿ ಎಷ್ಟು ತುಳಿಸಿದರೂ ಬಿಡುವುದಿಲ್ಲ, ಕುಟ್ಟಿಯೇ ಬಿಡಿಸಬೇಕು. ಮದುವೆ ಮನೆಯ ಗೋಧಿ ಹುಗ್ಗಿಗೆ ಅದರಂಥ ಗೋಧಿ ಇನ್ನೊಂದಿಲ್ಲ. ಎರಡನೆಯದು ಡ್ಯೂರಮ್, ನಮ್ಮ ಹಿರಿಯರು ಮಳೆಯಾಶ್ರಯದಲ್ಲಿ ಬೆಳೆಯುತ್ತಿದ್ದ ಬಿಜಗಾ ಯೆಲ್ಲೋ ಇದೇ ಜಾತಿ. ಕಾಳು ಗಟ್ಟಿ, ರವೆಗೆ, ಶಾವಿಗೆಗೆ ಹೇಳಿಮಾಡಿಸಿದ್ದು. ಮೂರನೆಯದು ಚಪಾತಿಗೆ ಬಳಸುವ ಗೋಧಿ. ಜಗತ್ತಿನಲ್ಲಿ ಬೆಳೆಯುವ ಗೋಧಿಯಲ್ಲಿ ನೂರಕ್ಕೆ 95ರಷ್ಟು ಇದೇ.

ಹೊಲದ ಬದುವಿನ ಮೇಲೆ ನಿಂತು ನೋಡಿದರೆ ಡ್ಯೂರಮ್ ಮತ್ತು ಚಪಾತಿ ಗೋಧಿ ಅಣ್ಣತಮ್ಮಂದಿರಂತೆ ಕಾಣುತ್ತವೆ. ಎರಡರಲ್ಲೂ ರಾಶಿ ಮಾಡುವಾಗ ಹೊಟ್ಟು ಸಲೀಸಾಗಿ ಹಾರುತ್ತದೆ. ಜವೆಗೋಧಿ ಮಾತ್ರ ಹೊರಗಿನದು ಎನಿಸುತ್ತದೆ. ಒಳಗಿನ ಸತ್ಯ ತಿರುಗಾಮುರುಗ. ಜವೆಯನ್ನೂ ಡ್ಯೂರಮ್ಮನ್ನೂ ಸಂಕರ ಮಾಡಿದರೆ ಕಾಳು ತುಂಬುತ್ತವೆ, ಬಿತ್ತಿದರೆ ಹುಟ್ಟುತ್ತವೆ, ಆ ಗಿಡಗಳೂ ಮೈತುಂಬ ಕಾಳು ಕಟ್ಟುತ್ತವೆ. ಡ್ಯೂರಮ್ಮನ್ನು ಚಪಾತಿ ಗೋಧಿಯೊಂದಿಗೆ ಕೂಡಿಸಿದಾಗ ತೊಡಕು ಶುರುವಾಗುತ್ತದೆ.

ಆ ತೊಡಕನ್ನು ನಾನು ಕೈಯಾರೆ ಕಂಡವನು. ಗೋಧಿಯಲ್ಲಿ ಸಂಕರ ಮಾಡುವುದು ಬಹಳ ತಾಳ್ಮೆಯ ಕೆಲಸ. ತೆನೆ ಕವಚದ ಎಲೆಯಿಂದ ಹೊರಬಂದು ಇನ್ನೂ ಪರಾಗ ಬಿಡದೆ ಹಸಿರಾಗಿರುವಾಗಲೇ ಹಿಡಿಯಬೇಕು. ಮೇಲಿನ, ಕೆಳಗಿನ ಎಳೆಯ ಹೂಗಳನ್ನು ಚಿವುಟಿ, ಉಳಿದವುಗಳ ತುದಿಯನ್ನು ಕತ್ತರಿಯಿಂದ ತುಸುವೇ ಕತ್ತರಿಸಿ, ಚಿಮುಟದಿಂದ ಒಂದೊಂದು ಹೂವಿನೊಳಗಿನ ಮೂರು ಪರಾಗಕೋಶಗಳನ್ನು ಹೊರತೆಗೆಯಬೇಕು. ಒಂದು ಒಡೆದರೂ ಹೂವು ತನ್ನ ಪರಾಗದಿಂದ ತಾನೇ ಕಾಳು ಕಟ್ಟಿಕೊಂಡುಬಿಡುತ್ತದೆ, ಶ್ರಮವೆಲ್ಲ ವ್ಯರ್ಥ. ಆಮೇಲೆ ಬೆಣ್ಣೆ ಕಾಗದದ ಚೀಲ ತೊಡಿಸಿ, ಚೀಟಿ ಕಟ್ಟಿ ಬಿಡುವುದು. ಎರಡು ಮೂರು ದಿನಕ್ಕೆ ಹೂವಿನೊಳಗಿನ ಶಲಾಕಾಗ್ರ, ಅಂದರೆ ಪರಾಗ ಹಿಡಿಯುವ ತುದಿ, ಗರಿ ಬಿಚ್ಚಿಕೊಂಡು ಕೂಡುತ್ತದೆ. ಆಗ ತಂದೆ ಗಿಡದ ಹಳದಿ ಪರಾಗವನ್ನು ತಂದು ಅದಕ್ಕೆ ಸವರಬೇಕು. ಇದೆಲ್ಲ ಹಿಂಗಾರಿಯ ಚಳಿಯಲ್ಲಿ, ಬೆಳಗಿನ ಹೊತ್ತಿನಲ್ಲಿ, ಬಗ್ಗಿದ ಬೆನ್ನಿನಲ್ಲೇ ಆಗಬೇಕು.

ಡ್ಯೂರಮ್ ಮತ್ತು ಚಪಾತಿ ಗೋಧಿಯ ಇಂಥ ಕೂಡಿಕೆಯಿಂದ ಬಂದ ಕಾಳು ಸುಕ್ಕಾಗಿ, ಹೊಟ್ಟೆ ಒಳಹೋಗಿ, ಕೈಯಲ್ಲಿ ಹಿಡಿದರೆ ತೂಕವೇ ಇಲ್ಲದಂತಿರುತ್ತದೆ. ಜತನದಿಂದ ಮೊಳಕೆ ಬರಿಸಿದರೆ ಗಿಡವೇನೋ ಎತ್ತರಕ್ಕೆ, ಆರೋಗ್ಯವಾಗಿಯೇ ಬೆಳೆಯುತ್ತದೆ. ನೋಡಿದವರು ಬಂಪರ್ ಬೆಳೆ ಎನ್ನಬೇಕು. ಮಾಗಿದ ಮೇಲೆ ತೆನೆಯನ್ನು ಅಂಗೈಯಲ್ಲಿ ತಿಕ್ಕಿ ಊದಿದರೆ ಹೊಟ್ಟೆಲ್ಲ ಹಾರಿಹೋಗಿ ಬೆರಳೆಣಿಕೆಯ ಕಾಳು ಉಳಿಯುತ್ತವೆ. ಗಿಡ ಬಂತು, ಬೆಳೆ ಬರಲಿಲ್ಲ. ಪ್ರಭೇದದ ಗೆರೆ ಎಂದರೆ ಇದೇ. ನಾನು ಅದನ್ನು ಪುಸ್ತಕದಲ್ಲಿ ಓದುವ ಮೊದಲೇ ಅಂಗೈಯಲ್ಲಿ ನೋಡಿದ್ದೆ.

ಕಾರಣ ವರ್ಣತಂತುಗಳ, ಅಂದರೆ ಜೀವಕೋಶದೊಳಗೆ ಜೀನುಗಳನ್ನು ಹೊತ್ತಿರುವ ಎಳೆಗಳ (ಕ್ರೋಮೋಸೋಮ್) ಲೆಕ್ಕದಲ್ಲಿದೆ. ಜವೆಗೂ ಡ್ಯೂರಮ್ಮಿಗೂ 28 ವರ್ಣತಂತು, ಚಪಾತಿ ಗೋಧಿಗೆ 42. ಜಪಾನಿನ ಟೆಟ್ಸು ಸಾಕಾಮುರಾ 1918ರಲ್ಲಿಯೇ ಗೋಧಿಗಳು 14, 28, 42 ಎಂಬ ಮೂರು ಗುಂಪಿಗೆ ಬೀಳುತ್ತವೆ ಎಂದು ಎಣಿಸಿ ತೋರಿಸಿದರು. ಪರಾಗಕ್ಕೂ ಅಂಡಕ್ಕೂ ಅರ್ಧರ್ಧ ಹೋಗುವುದರಿಂದ 28 ಮತ್ತು 42ರ ಸಂಕರ ಗಿಡಕ್ಕೆ 14 ಕೂಡಿಸು 21, ಒಟ್ಟು 35 ಬರುತ್ತವೆ. ಹಿತೋಶಿ ಕಿಹಾರಾ ಎಂಬ ಇನ್ನೊಬ್ಬ ಜಪಾನಿ ವಿಜ್ಞಾನಿ ಇಂಥ 35ರ ಗಿಡಗಳನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಪರಾಗ ತಯಾರಾಗುವ ಹೊತ್ತಿಗೆ 14 ಜೋಡಿಗಳು ಸರಿಯಾಗಿ ಕೂಡಿಕೊಂಡವು. ಏಳು ವರ್ಣತಂತುಗಳು ಜೊತೆ ಸಿಗದೆ ಒಂಟಿಯಾಗಿ ಉಳಿದವು. ಒಂಟಿಯಾದವು ಸರಿಯಾಗಿ ಹಂಚಿಕೆಯಾಗುವುದಿಲ್ಲ, ಹಾಗಾಗಿ ಬಹುಪಾಲು ಪರಾಗ ಕೆಲಸಕ್ಕೆ ಬಾರದು. ನನ್ನ ಅಂಗೈಯಲ್ಲಿ ಕಾಳು ಉಳಿಯದಿದ್ದುದರ ಹಿಂದಿನ ಕಥೆ ಅದು.

ಆ ಏಳು ಎಲ್ಲಿಂದ ಬಂದವು? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಹೋದದ್ದರಿಂದ ಚಪಾತಿ ಗೋಧಿಯ ಹುಟ್ಟು ಬಯಲಾಯಿತು. 1944ರಲ್ಲಿ ಕಿಹಾರಾ ಜಪಾನಿನಲ್ಲಿ, ಅದೇ ಹೊತ್ತಿಗೆ ಮೆಕ್‌ಫ್ಯಾಡನ್ ಮತ್ತು ಸಿಯರ್ಸ್ ಅಮೆರಿಕದಲ್ಲಿ, ಪರಸ್ಪರ ಸಂಪರ್ಕವಿಲ್ಲದೆ ಒಂದೇ ಉತ್ತರಕ್ಕೆ ಬಂದರು. ಆಗ ನಡೆಯುತ್ತಿದ್ದುದು ಎರಡನೇ ಮಹಾಯುದ್ಧ, ಎರಡೂ ದೇಶಗಳು ಒಂದನ್ನೊಂದು ಬಡಿಯುತ್ತಿದ್ದವು. ಅವರು ಕೊಟ್ಟ ಉತ್ತರ: ಈಜಿಲಾಪ್ಸ್ ಟೌಶಿ ಎಂಬ ಹುಲ್ಲು. ಕ್ಯಾಸ್ಪಿಯನ್ ಸಮುದ್ರದ ಸುತ್ತಿನಿಂದ ಮಧ್ಯ ಏಷ್ಯಾ, ಪಾಕಿಸ್ತಾನದವರೆಗೆ ಹೊಲದಲ್ಲಿ, ಬದುವಿನಲ್ಲಿ ಹುಟ್ಟುವ ಕಳೆ. ತೆಳ್ಳನೆಯ ತೆನೆ, ಮಾಗಿದ ಮೇಲೆ ತುಂಡು ತುಂಡಾಗಿ ಉದುರಿಹೋಗುತ್ತದೆ. ಅದಕ್ಕಿರುವುದು 14 ವರ್ಣತಂತು.

ನಡೆದದ್ದು ಹೀಗೆ. ಪಶ್ಚಿಮ ಏಷ್ಯಾದ ರೈತರು ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಕಾಡು ಗೋಧಿಯನ್ನು ಒಕ್ಕಲುತನಕ್ಕೆ ತಂದರು. ನಮ್ಮ ಜವೆಗೋಧಿ ಆ ಬೆಳೆಯ ನೇರ ವಂಶ. ಬೀಜದ ಚೀಲ ಹೊತ್ತು ಒಕ್ಕಲು ಪೂರ್ವಕ್ಕೆ, ಉತ್ತರಕ್ಕೆ ಹರಡುತ್ತ ಕ್ಯಾಸ್ಪಿಯನ್ ದಂಡೆಯ ಕಡೆಗೆ ಬಂತು. ಅಲ್ಲಿನ ಹೊಲಗಳಲ್ಲಿ ಈ ಕಳೆ ಮೊದಲೇ ಇತ್ತು. ಎಂಟು ಒಂಬತ್ತು ಸಾವಿರ ವರ್ಷಗಳ ಹಿಂದೆ ಅಲ್ಲಿ ಎಲ್ಲೋ ಕಳೆಯ ಪರಾಗ ಗೋಧಿಯ ಹೂವಿಗೆ ಬಿತ್ತು. ಗೋಧಿಯಿಂದ 14, ಕಳೆಯಿಂದ 7, ಹುಟ್ಟಿದ ಗಿಡಕ್ಕೆ 21. ಒಂದಕ್ಕೂ ಜೊತೆಯಿಲ್ಲ. ಅದು ಬಂಜೆಯಾಗಿಯೇ ಸಾಯಬೇಕಿತ್ತು. ಆದರೆ ಇಂಥ ಗಿಡಗಳಲ್ಲಿ ಒಮ್ಮೊಮ್ಮೆ ವರ್ಣತಂತುಗಳು ಅರ್ಧಕ್ಕಿಳಿಯದೆ ಇಡಿಯಾಗಿಯೇ ಪರಾಗಕ್ಕೂ ಅಂಡಕ್ಕೂ ಹೋಗಿಬಿಡುತ್ತವೆ. 21ಕ್ಕೆ 21 ಕೂಡಿದರೆ 42. ಈಗ ಪ್ರತಿ ವರ್ಣತಂತುವಿಗೂ ತನ್ನದೇ ನಕಲೊಂದು ಜೊತೆಯಾಗಿ ಸಿಕ್ಕಿತು. ಗಿಡ ಕಾಳು ಕಟ್ಟಿತು. ತಾಯಿಯ ಕಡೆಗೆ ತಿರುಗಿ ಕೂಡಿದರೆ 35ರ ತೊಡಕು, ತಂದೆ ಕಡೆಗೆ ಕೂಡಿದರೆ ಇನ್ನೂ ದೊಡ್ಡ ತೊಡಕು. ತನ್ನ ತಾನು ಕೂಡಿದರೆ ಮಾತ್ರ ಮೈತುಂಬ ಕಾಳು. ಒಂದೆರಡು ಹಂಗಾಮಿನಲ್ಲಿ ಹೊಸ ಪ್ರಭೇದ ಹುಟ್ಟಿತ್ತು.

ಚಪಾತಿ ಗೋಧಿಗೆ ಕಾಡಿನಲ್ಲಿ ಇದೇ ಅದರ ಮೂಲ ಎಂದು ತೋರಿಸಬಹುದಾದ 42 ವರ್ಣತಂತುಗಳ ಗಿಡ ಇಲ್ಲ. ಇರಲು ಸಾಧ್ಯವೂ ಇಲ್ಲ, ಏಕೆಂದರೆ ಅದು ಮನುಷ್ಯ ಒಕ್ಕಲುತನ ಶುರುಮಾಡಿದ ಮೇಲೆ ಹುಟ್ಟಿದ ಪ್ರಭೇದ. ಗೋಧಿ ಹುಟ್ಟುವಾಗ ರೈತ ಅಲ್ಲಿಯೇ ಇದ್ದ. ಆ ವರ್ಷದ ರಾಶಿಯಲ್ಲಿ ನಾಲ್ಕು ಬೇರೆ ಥರದ ತೆನೆ ಬಂದದ್ದು ಅವನ ಕಣ್ಣಿಗೆ ಬಿದ್ದಿರಲೂಬಹುದು.

ಕಂಡವರಿಲ್ಲ ಎನ್ನುವವರಿಗೆ ಇದೂ ಸಾಲದಿದ್ದರೆ, ಮೆಕ್‌ಫ್ಯಾಡನ್ ಮತ್ತು ಸಿಯರ್ಸ್ ಊಹೆಯಲ್ಲೇ ನಿಲ್ಲಲಿಲ್ಲ. 28 ವರ್ಣತಂತುಗಳ ಗೋಧಿಯನ್ನು ಆ ಕಳೆಯೊಂದಿಗೆ ತಾವೇ ಸಂಕರ ಮಾಡಿ, ಕೋಲ್ಚಿಸಿನ್ ಎಂಬ ರಾಸಾಯನಿಕದಿಂದ ವರ್ಣತಂತುಗಳನ್ನು ಇಮ್ಮಡಿಗೊಳಿಸಿದರು. ಬಂದ ಗಿಡ ಹೊಟ್ಟು ಬಿಡದ ಹಳೆಯ ಯುರೋಪಿನ ಸ್ಪೆಲ್ಟ್ ಗೋಧಿಯನ್ನು ಹೋಲುತ್ತಿತ್ತು. ಅದಕ್ಕೂ 42. ಅದನ್ನು ನಿಜವಾದ ಸ್ಪೆಲ್ಟ್ ಜೊತೆ ಕೂಡಿಸಿದರು, ಸಂತಾನ ಫಲವತ್ತಾಗಿತ್ತು. ಸಾವಿರಾರು ವರ್ಷಗಳ ಹಿಂದೆ ಹೊಲದಲ್ಲಿ ನಡೆದದ್ದನ್ನು ಮತ್ತೆ ನಡೆಸಿ, ಹುಟ್ಟಿದ್ದು ಅದೇ ಎಂದು ತಾಳೆ ನೋಡಿದರು. ಇದಕ್ಕಿಂತ ಗಟ್ಟಿ ಸಾಕ್ಷಿ ಯಾವ ಕೋರ್ಟಿನಲ್ಲಿ ಸಿಗುತ್ತದೆ? ಅಂದಹಾಗೆ ಆ ಕೋಲ್ಚಿಸಿನ್ ನಮ್ಮ ಬೇಲಿಯಲ್ಲಿ ಮಳೆಗಾಲಕ್ಕೆ ಬೆಂಕಿಯ ಬಣ್ಣದಲ್ಲಿ ಅರಳುವ ಗೌರಿ ಹೂವಿನ ಗಡ್ಡೆಯಲ್ಲೂ ಇದೆ. ಕಡು ವಿಷ, ಮಕ್ಕಳು ಮುಟ್ಟದಂತೆ ನೋಡಿಕೊಳ್ಳಬೇಕು.

ಇವತ್ತು ಮೆಕ್ಸಿಕೋದ ಅಂತರರಾಷ್ಟ್ರೀಯ ಮೆಕ್ಕೆಜೋಳ ಮತ್ತು ಗೋಧಿ ಸಂಶೋಧನಾ ಕೇಂದ್ರದಲ್ಲಿ ಇದೇ ಬಗೆಯಲ್ಲಿ ಹೊಸದಾಗಿ ಹುಟ್ಟಿಸಿದ ಗೋಧಿಗಳು ಸಾವಿರಕ್ಕೂ ಮೇಲಿವೆ. ಅದು ಕುತೂಹಲಕ್ಕೆ ಮಾಡುವ ಕೆಲಸವಲ್ಲ. ಚಪಾತಿ ಗೋಧಿ ಹುಟ್ಟಿದ್ದು ಕೆಲವೇ ಗಿಡಗಳಿಂದ. ಹಾಗಾಗಿ ಕಳೆಯ ಕಡೆಯ ವರ್ಣತಂತುಗಳಲ್ಲಿ ವೈವಿಧ್ಯ ಬಹಳ ಕಡಿಮೆ. ಕಳೆಯಲ್ಲಿ ಉಳಿದಿರುವ ರೋಗನಿರೋಧಕ ಗುಣಗಳನ್ನು ತರಬೇಕಾದರೆ ಆ ಹಳೆಯ ಮದುವೆಯನ್ನು ಮತ್ತೆ ಮಾಡಿಸಬೇಕು. ಉಗಾಂಡದಿಂದ ಎದ್ದು ಗೋಧಿ ಬೆಳೆಯುವ ದೇಶಗಳನ್ನೆಲ್ಲ ಹೆದರಿಸಿದ ಯುಜಿ99 ಎಂಬ ಕಾಂಡದ ತುಕ್ಕು ರೋಗಕ್ಕೆ ತಡೆ ಒಡ್ಡುವ ಎಸ್‌ಆರ್33 ಎಂಬ ಜೀನ್ ಸಿಕ್ಕಿದ್ದು ಈ ಕಳೆಯಲ್ಲಿಯೇ. ಚಪಾತಿ ಹಿಟ್ಟಿನ ನಾದು, ಎಳೆದರೆ ಹರಿಯದ ಆ ಜಿಗುಟು, ಅದೂ ದೊಡ್ಡ ಮಟ್ಟಿಗೆ ಕಳೆಯ ಕಡೆಯಿಂದ ಬಂದ ಜೀನುಗಳ ಕೊಡುಗೆ. ಜವೆ ಹಿಟ್ಟಿನಲ್ಲಿ ಚಪಾತಿ ಲಟ್ಟಿಸಿದ ಹೆಣ್ಣುಮಕ್ಕಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು, ಅಂಚು ಸೀಳುತ್ತದೆ.

ಗೋಧಿಯೊಂದೇ ಅಲ್ಲ. ಒಗ್ಗರಣೆಯ ಸಾಸಿವೆಗೆ 36 ವರ್ಣತಂತು. ಇಪ್ಪತ್ತರ ಒಂದು ಗಿಡ, ಹದಿನಾರರ ಇನ್ನೊಂದು ಗಿಡ ಕೂಡಿ ಆದದ್ದು ಎಂದು ವೂ ಜಾಂಗ್‌ಚೂನ್ 1935ರಲ್ಲಿ ತೋರಿಸಿದರು. ಶೇಂಗಾ ಇನ್ನೂ ಸೋಜಿಗದ್ದು. ದಕ್ಷಿಣ ಅಮೆರಿಕದ ಎರಡು ಕಾಡು ಶೇಂಗಾ, ಎರಡಕ್ಕೂ ಇಪ್ಪತ್ತಿಪ್ಪತ್ತು, ಹತ್ತು ಸಾವಿರ ವರ್ಷದೊಳಗೆ ಎಂದೋ ಕೂಡಿ ನಲವತ್ತರ ನಮ್ಮ ಶೇಂಗಾ ಆಯಿತು. ಅದರ ಪಾಲಕರಲ್ಲಿ ಒಂದು ಬೊಲಿವಿಯಾದ ಒಂದೇ ಒಂದು ಜಾಗದಲ್ಲಿ ಸಿಕ್ಕ ಗಿಡ. 2016ರಲ್ಲಿ ಅದರ ಜೀನೋಮ್, ಅಂದರೆ ಡಿಎನ್ಎಯ ಇಡೀ ಬರಹ, ಓದಿದಾಗ ಶೇಂಗಾದ ಅರ್ಧ ಭಾಗಕ್ಕೂ ಅದಕ್ಕೂ ಹೆಚ್ಚುಕಡಿಮೆ ವ್ಯತ್ಯಾಸವೇ ಕಾಣಲಿಲ್ಲ.

ಹತ್ತಿಯ ಮಾತು ಹೇಳದಿದ್ದರೆ ಧಾರವಾಡ ಸೀಮೆಯವನಾಗಿ ನನಗೆ ಸಮಾಧಾನವಿಲ್ಲ. ನಮ್ಮ ಜಯಧರ ಹತ್ತಿಗೆ 26 ವರ್ಣತಂತು, ಅಮೆರಿಕ ಮೂಲದ ಹತ್ತಿಗೆ 52. ಏಷ್ಯಾ ಆಫ್ರಿಕಾ ಕಡೆಯ ಒಂದು ಹತ್ತಿ, ಅಮೆರಿಕ ಕಡೆಯ ಒಂದು ಹತ್ತಿ ಕೂಡಿ, ಮನುಷ್ಯ ಹುಟ್ಟುವ ಬಹಳ ಮೊದಲೇ ಆ 52ರ ಗುಂಪು ಬಂತು. ಬೀಸ್ಲಿ ಎಂಬವರು 1940ರಲ್ಲಿ ಅದನ್ನೂ ಪ್ರಯೋಗದಲ್ಲಿ ಮಾಡಿ ತೋರಿಸಿದರು. ಆ 52ರ ಗುಂಪಿನೊಳಗೇ ಮುಂದೆ ಬೇರೆ ಬೇರೆ ಪ್ರಭೇದಗಳಾದವು. ಅವುಗಳಲ್ಲಿ ಎರಡನ್ನು ಕೂಡಿಸಿಯೇ 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು ವರಲಕ್ಷ್ಮಿ ತಳಿ ಕೊಟ್ಟರು. ಆಮೇಲೆ ಬಂದ ಡಿಸಿಎಚ್-32 ನಮ್ಮ ಎಷ್ಟೋ ಮನೆಗಳ ಸಾಲ ತೀರಿಸಿದ ಹತ್ತಿ. ಮೊದಲ ವರ್ಷ ಆ ಹೊಲದ ಸೊಗಸೇ ಸೊಗಸು. ಅದೇ ಹತ್ತಿಯ ಬೀಜ ಹಿಡಿದು ಮರುವರ್ಷ ಬಿತ್ತಿದ ರೈತರು ಗಿಡ ಒಂದು ಕುಳ್ಳ, ಒಂದು ಎತ್ತರ, ಒಂದು ಕಾಯಿಯೇ ಕಟ್ಟದ್ದು ಎಂದು ಪಟ್ಟ ಪಾಡು ನನಗೆ ನೆನಪಿದೆ. ಯಾವ ಸಂಕರ ಬೀಜವೂ ಮರುವರ್ಷ ಒಡೆದು ಹಂಚಿಹೋಗುತ್ತದೆ ನಿಜ. ಇಲ್ಲಿ ಮಾತ್ರ ಎರಡು ಪ್ರಭೇದಗಳ ಜೀನುಗಳು ಕಲಸಿಹೋಗುವುದರಿಂದ ಪೆಟ್ಟು ಇನ್ನೂ ಜೋರು. ಬೇರೆಯಾಗುತ್ತಿರುವ ಎರಡು ಬಳಗಗಳ ನಡುವಿನ ಗೆರೆ ಪೂರ್ತಿ ಗಟ್ಟಿಯಾಗುವ ಮೊದಲು ಹೀಗಿರುತ್ತದೆ: ಮಕ್ಕಳು ಚೆನ್ನಾಗಿ ಬರುತ್ತಾರೆ, ಮೊಮ್ಮಕ್ಕಳಿಗೆ ತೊಂದರೆ.

ನಿಮ್ಮ ಓದುಗರು ಇಲ್ಲಿ ಒಂದು ಮಾತು ಎತ್ತಬಹುದು. ಗೋಧಿಯೂ ಹುಲ್ಲೂ ಕೂಡಿ ಗೋಧಿಯೇ ಆಯಿತಲ್ಲ, ಭತ್ತ ಆಗಲಿಲ್ಲವಲ್ಲ ಎಂದು. ಒಪ್ಪುತ್ತೇನೆ, ಆಗಲಿಲ್ಲ, ಒಂದೇ ಹೆಜ್ಜೆಗೆ ಆಗುವುದೂ ಇಲ್ಲ. ಗೋಧಿ, ಬಾರ್ಲಿ, ರೈ ಈ ಮೂರಕ್ಕೂ ಮೂಲ ಲೆಕ್ಕ ಏಳೇಳು ವರ್ಣತಂತುಗಳದ್ದೇ. ಅವು ಒಂದೇ ಹುಲ್ಲಿನಿಂದ ಬಹಳ ಹಿಂದೆ ಬೇರೆಯಾದವು. ಗೋಧಿಯನ್ನೂ ರೈಯನ್ನೂ ಈಗಲೂ ಕಷ್ಟಪಟ್ಟು ಕೂಡಿಸಿ ಟ್ರಿಟಿಕೇಲ್ ಎಂಬ ಬೆಳೆ ತೆಗೆಯುತ್ತಾರೆ. ಭತ್ತ ಅದಕ್ಕೂ ಬಹಳ ಹಿಂದೆ ಬೇರೆಯಾದ ಕವಲು, ಅದರೊಂದಿಗೆ ಹೀಗೆ ಕೂಡಿಸಿ ಬೆಳೆ ತೆಗೆಯಲಾಗುವುದಿಲ್ಲ. ಕವಲೊಡೆದ ಕಾಲ ಹೆಚ್ಚಿದಷ್ಟೂ ಅಂತರ ಹೆಚ್ಚು. ಕೊಡುಕೊಳ್ಳುವಿಕೆ ಒಮ್ಮೆ ನಿಂತರೆ ಮುಂದಿನದನ್ನು ಕಾಲವೇ ನೋಡಿಕೊಳ್ಳುತ್ತದೆ, ಮತ್ತೆ ಕಲಸಿ ಒಂದುಮಾಡುವವರು ಯಾರೂ ಇರುವುದಿಲ್ಲ.

ಇದೆಲ್ಲ ಮನುಷ್ಯನ ಹೊಲದ ಕಥೆ ಎನ್ನುವವರಿಗೆ, ಯಾರೂ ಬಿತ್ತದ ಜಾಗದ ಎರಡು ಪ್ರಸಂಗ ಹೇಳುತ್ತೇನೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವ ಭಾಗಕ್ಕೆ 20ನೇ ಶತಮಾನದ ಮೊದಲ ದಶಕಗಳಲ್ಲಿ ಯುರೋಪಿನಿಂದ ಟ್ರಾಗೊಪೋಗನ್ ಎಂಬ ಸೇವಂತಿಗೆ ಕುಟುಂಬದ ಮೂರು ಗಿಡಗಳು ಬಂದು ರಸ್ತೆ ಬದಿ ಹಬ್ಬಿದವು. ಪ್ರತಿಯೊಂದಕ್ಕೂ 12 ವರ್ಣತಂತು. 1950ರಲ್ಲಿ ಮ್ಯಾರಿಯನ್ ಓನ್‌ಬೀ ಎಂಬ ಸಸ್ಯವಿಜ್ಞಾನಿ ಅದೇ ರಸ್ತೆ ಬದಿಗಳಲ್ಲಿ 24 ವರ್ಣತಂತುಗಳ, ಚೆನ್ನಾಗಿ ಬೀಜ ಕಟ್ಟುವ ಎರಡು ಹೊಸ ಪ್ರಭೇದಗಳನ್ನು ಗುರುತಿಸಿ ಹೆಸರಿಟ್ಟರು. ತಂದೆತಾಯಿ ಗಿಡಗಳು ಆ ನೆಲಕ್ಕೆ ಬಂದು ಕೆಲವು ದಶಕಗಳಾಗಿದ್ದವಷ್ಟೆ. ಅದಕ್ಕೆ ಮೊದಲು ಆ ಎರಡು ಪ್ರಭೇದಗಳು ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ.

ಎರಡನೆಯದು ಹಕ್ಕಿಯದು. ದಕ್ಷಿಣ ಅಮೆರಿಕದ ಪಶ್ಚಿಮಕ್ಕೆ ಶಾಂತಸಾಗರದಲ್ಲಿರುವ ಗಲಪಗೋಸ್ ದ್ವೀಪಸಮೂಹದ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿ 1973ರಿಂದ ಅಲ್ಲಿನ ಫಿಂಚ್ ಹಕ್ಕಿಗಳ ಲೆಕ್ಕ ಇಡುತ್ತ ಬಂದರು. 1981ರಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಎಸ್ಪನ್ಯೋಲಾ ದ್ವೀಪದಿಂದ ಒಂದು ದೊಡ್ಡ ಗಂಡು ಹಕ್ಕಿ ಹಾರಿ ಬಂತು. ಅದರ ಹಾಡು ಅಲ್ಲಿನ ಯಾವ ಹಕ್ಕಿಯದ್ದರ ಹಾಗೂ ಇರಲಿಲ್ಲ. ಸ್ಥಳೀಯ ಹೆಣ್ಣಿನೊಂದಿಗೆ ಕೂಡಿತು. ಫಿಂಚ್ ಮರಿಗಳು ಹಾಡು ಕಲಿಯುವುದು ತಂದೆಯಿಂದ. ಹಾಗಾಗಿ ಆ ವಂಶದ ಹಾಡು ಬೇರೆಯಾಗಿಯೇ ಉಳಿಯಿತು. ಬರ ಬಿದ್ದಾಗ ಒಂದು ಹಂತದಲ್ಲಿ ಆ ವಂಶದಲ್ಲಿ ಉಳಿದದ್ದು ಒಬ್ಬ ಅಣ್ಣ, ಒಬ್ಬ ತಂಗಿ. ಅವೇ ಕೂಡಿ ವಂಶ ಬೆಳೆಸಿದವು. ಮೂರನೇ ತಲೆಮಾರಿನಿಂದ ಆ ಹಕ್ಕಿಗಳು ತಮ್ಮೊಳಗೇ ಜೊತೆಗೂಡುತ್ತಿವೆ, ಹೊರಗಿನ ಸಂಬಂಧವಿಲ್ಲ. ಡಿಎನ್‌ಎ ಪರೀಕ್ಷೆಯ ಆಧಾರದೊಂದಿಗೆ ಇದು 2017ರಲ್ಲಿ ಪ್ರಕಟವಾಯಿತು. ವಿಜ್ಞಾನಿಗಳು ಅವಸರ ಮಾಡಿ ಅದಕ್ಕೆ ಹೊಸ ಪ್ರಭೇದದ ಹೆಸರು ಕಟ್ಟಿಲ್ಲ, ಅವರ ಈ ಎಚ್ಚರ ನನಗೆ ಬಹಳ ಹಿಡಿಸಿತು.

ಹೆಚ್ಚಿನ ಪ್ರಾಣಿಗಳಲ್ಲಿ ಇಷ್ಟು ಬೇಗ ಆಗುವುದಿಲ್ಲ. ಬೆಟ್ಟ, ಕಣಿವೆ, ನದಿ ಅಡ್ಡ ಬಂದು ಸಾವಿರಾರು, ಲಕ್ಷಾಂತರ ವರ್ಷ ಬೇರೆಯಾಗಿ ಉಳಿಯಬೇಕು. ಅದರ ಗುರುತು ನಮ್ಮ ಸಹ್ಯಾದ್ರಿಯಲ್ಲಿಯೇ ಇದೆ. ಪಾಲಕ್ಕಾಡ್ ಕಂಡಿಯಲ್ಲಿ ಘಟ್ಟಸಾಲು ತುಂಡಾಗಿ ಮೂವತ್ತು ನಲವತ್ತು ಕಿಲೋಮೀಟರ್ ಬಯಲಾಗಿದೆ. ಎತ್ತರದ ಶೋಲಾ ಕಾಡು ಬಿಟ್ಟು ಕೆಳಗಿಳಿಯದ ಪುಟ್ಟ ನೀಲಿ ಹಕ್ಕಿಗಳು ಆ ಬಯಲು ದಾಟಲಾರದೆ ಉತ್ತರದಲ್ಲೊಂದು, ದಕ್ಷಿಣದಲ್ಲೊಂದು ಪ್ರಭೇದವಾಗಿವೆ. ಅವುಗಳಿಗೆಂದೇ 2017ರಲ್ಲಿ ಶೋಲಿಕೋಲಾ ಎಂಬ ಹೊಸ ಕುಲ ಮಾಡಿದರು. ಉತ್ತರ ಕನ್ನಡದ ಹಳ್ಳಗಳಲ್ಲಿ ಮೊಟ್ಟೆಗಳಿಗೆ ಕೆಸರು ಮೆತ್ತುವ ಇರುಳುಗಪ್ಪೆಗೆ 2014ರಲ್ಲಿ ವಿಜ್ಞಾನಿಗಳು ಕುಂಬಾರನ ಹೆಸರನ್ನೇ ಇಟ್ಟರು. ಅದರ ದಾಯಾದಿ ಇರುಳುಗಪ್ಪೆಗಳು ಹಾಗೆ ಕೆಸರು ಮೆತ್ತುವುದಿಲ್ಲ. ಆ ಕಾಡಿನ ಸೀಮೆಯವರು ಇದನ್ನು ನನಗಿಂತ ಚೆನ್ನಾಗಿ ಬರೆಯಬಲ್ಲರು. ಬರೆಯಲಿ ಎಂದು ಕೇಳಿಕೊಳ್ಳುತ್ತೇನೆ.

ಈಗ ಪಾಠದ ವಿಷಯ. 2023ರಲ್ಲಿ ಕೇಂದ್ರದ ಶಾಲಾ ಪಠ್ಯಪುಸ್ತಕ ತಯಾರಿಸುವ ಸಂಸ್ಥೆ ಎನ್‌ಸಿಇಆರ್‌ಟಿ 10ನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಅನುವಂಶೀಯತೆಯ ಜೊತೆಗಿದ್ದ ವಿಕಾಸದ ಭಾಗವನ್ನು ಕೈಬಿಟ್ಟಿತು. ದೇಶದ ಸಾವಿರಾರು ವಿಜ್ಞಾನಿಗಳು, ಶಿಕ್ಷಕರು ಬೇಡ ಎಂದು ಸಹಿ ಹಾಕಿ ಕೇಳಿಕೊಂಡರು. 12ನೇ ತರಗತಿಯಲ್ಲಿ ಇದೆಯಲ್ಲ ಎಂಬ ಸಮಾಧಾನ ಸಿಕ್ಕಿತು. 12ರಲ್ಲಿ ಅದನ್ನು ಓದುವುದು ಜೀವಶಾಸ್ತ್ರ ಆರಿಸಿಕೊಂಡವರು ಮಾತ್ರ. ವಾಣಿಜ್ಯಕ್ಕೆ, ಕಲೆಗೆ, ಐಟಿಐಗೆ ಹೋಗುವ ಮಕ್ಕಳು, ಹತ್ತಕ್ಕೇ ಶಾಲೆ ಬಿಟ್ಟು ಹೊಲಕ್ಕೆ ಬರುವ ಮಕ್ಕಳು, ಅವರಿಗೆ ಈ ತಿಳಿವು ಎಲ್ಲಿಂದ ಬರಬೇಕು? ಬೀಜದ ಅಂಗಡಿಯಲ್ಲಿ ಈ ಹೈಬ್ರಿಡ್ ಬೀಜ ಏಕೆ ಹಿಡಿದಿಡಲಾಗುವುದಿಲ್ಲ, ಕೀಟ ಏಕೆ ಔಷಧಕ್ಕೆ ಬಗ್ಗುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರು ಅವರೇ. ಬೇರೆ ಯಾರಿಗಿಂತಲೂ ಈ ಪಾಠ ಬೇಕಾಗಿರುವುದು ಒಕ್ಕಲು ಮಕ್ಕಳಿಗೆ.

ಆ ಭಾಗ ಇದ್ದಾಗಲೂ ಉದಾಹರಣೆಗಳು ನಮ್ಮ ಮಕ್ಕಳ ಕಣ್ಣಿಗೆ ಕಾಣದವು ಎಂಬುದು ನನ್ನ ಇನ್ನೊಂದು ಕೊರಗು. ಫಿಂಚ್ ಹಕ್ಕಿ ಎಲ್ಲಿಯದೋ, ಜಿರಾಫೆ ಎಲ್ಲಿಯದೋ. ಜವೆ, ಡ್ಯೂರಮ್, ಚಪಾತಿ ಗೋಧಿಯ ಒಂದೊಂದು ತೆನೆ ತಂದು ಮೇಜಿನ ಮೇಲಿಟ್ಟರೆ ಪಾಠದ ಅರ್ಧ ಮುಗಿಯುತ್ತದೆ. ಮಕ್ಕಳು ಅಂಗೈಯಲ್ಲಿ ತಿಕ್ಕಿ ನೋಡಲಿ, ಯಾವುದರ ಹೊಟ್ಟು ಬಿಡುತ್ತದೆ, ಯಾವುದರದು ಬಿಡುವುದಿಲ್ಲ. ಆಮೇಲೆ ಕೂಡಿಸಿದರೆ ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ಮೇಷ್ಟ್ರು ಕೇಳಲಿ. ಎಲ್ಲರೂ ಮೊದಲು ತಪ್ಪಾಗಿಯೇ ಹೇಳುತ್ತಾರೆ, ಆಗ ಪಾಠ ಕಿವಿಗೆ ಇಳಿಯುತ್ತದೆ. ರಾಜ್ಯದ ಪಠ್ಯಪುಸ್ತಕ ಸಂಘದವರು ಒಂದು ಪುಟದಷ್ಟು ಜಾಗವನ್ನು ಇದಕ್ಕೆ ಕೊಡಬೇಕು. ಧಾರವಾಡದ ಕೃಷಿ ಮೇಳದಲ್ಲಿ ಮೂರು ಗೋಧಿ, ಜೊತೆಗೆ ಆ 35ರ ಸಂಕರ ಗಿಡದ ಕಾಳಿಲ್ಲದ ತೆನೆಯನ್ನೂ ಇಟ್ಟು, ವಿವರದ ಫಲಕವನ್ನು ಕನ್ನಡದಲ್ಲಿ ಬರೆಸಿ ಹಾಕಬೇಕು. ಲಕ್ಷಗಟ್ಟಲೆ ರೈತರು ಬರುವ ಜಾಗ ಅದು.

ನನ್ನಿಂದಾಗುವುದನ್ನೂ ಹೇಳಿಬಿಡುತ್ತೇನೆ. ಜವೆಗೋಧಿಯ ಬೀಜ ನನ್ನಲ್ಲಿದೆ. ದೀಪಾವಳಿಯ ಆಚೀಚೆ ಬಿತ್ತಲು ಶಾಲೆಯ ಅಂಗಳದಲ್ಲಿ ನಾಲ್ಕು ಮೊಳ ಜಾಗವಿದ್ದರೆ ಸಾಕು. ಧಾರವಾಡ, ಗದಗ ಜಿಲ್ಲೆಯ ಯಾವ ಪ್ರೌಢಶಾಲೆ ಕೇಳಿದರೂ ಒಂದು ಸೇರು ಜವೆ, ಜೊತೆಗೆ ಒಂದೊಂದು ಹಿಡಿ ಡ್ಯೂರಮ್ ಮತ್ತು ಚಪಾತಿ ಗೋಧಿಯ ಬೀಜವನ್ನು ಪುಕ್ಕಟೆ ಕೊಡುತ್ತೇನೆ. ತೆನೆ ಹೊರಡುವ ಹೊತ್ತಿಗೆ ಹೇಳಿ ಕಳಿಸಿದರೆ ಚಿಮುಟ, ಬೆಣ್ಣೆ ಕಾಗದದ ಚೀಲ ಹಿಡಿದು ಬಂದು ಮಕ್ಕಳಿಗೆ ಸಂಕರ ಮಾಡುವುದನ್ನೂ ಕಲಿಸುತ್ತೇನೆ. ಹೋದ ವಾರ ಪತ್ರ ಬರೆದ ಓದುಗರಿಗೂ ಇದೇ ಆಹ್ವಾನ. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ, ಕೇಳಿದವರಿಗೆ ದಯಮಾಡಿ ಕೊಡಿ.

ಇಂತಿ ನಿಮ್ಮ ಓದುಗ,
ನಿವೃತ್ತ ಕ್ಷೇತ್ರ ಸಹಾಯಕ, ರೈತ
ನವಲಗುಂದ ತಾಲ್ಲೂಕು, ಧಾರವಾಡ ಜಿಲ್ಲೆ